ಡಬ್ಬಿಯ ಹಣ್ಣಿಗೂ ವಯಸ್ಸಾಗುತ್ತದೆ

1865ರ ಏಪ್ರಿಲ್ 1ರಂದು ಅಮೆರಿಕದ ಮಿಸೌರಿ ನದಿಯಲ್ಲಿ ‘ಬರ್ಟ್ರಂಡ್’ ಎಂಬ ಉಗಿಹಡಗು ಮುಳುಗಿತು. ಮೊಂಟಾನಾದ ಚಿನ್ನದ ಗಣಿಗಳ ಕಡೆಗೆ ಸರಕು ಸಾಗಿಸುತ್ತಿದ್ದ ಹಡಗು ಅದು. ಕಾಲಾಂತರದಲ್ಲಿ ನದಿ ತನ್ನ ಪಾತ್ರವನ್ನು ಬದಲಿಸಿತು. ಹಡಗು ಹೂಳಿನಡಿಯಲ್ಲಿ ಸೇರಿಹೋಯಿತು. 1968ರಲ್ಲಿ ಅದನ್ನು ಪತ್ತೆಮಾಡಿ ಅಗೆದಾಗ ಬಟ್ಟೆ, ಉಪಕರಣಗಳ ಜೊತೆಗೆ ಗಾಳಿಯಾಡದಂತೆ ಮುಚ್ಚಿಟ್ಟ ಆಹಾರವೂ ಸಿಕ್ಕಿತು. ಅದರಲ್ಲಿ ಪೀಚ್ ಹಣ್ಣಿತ್ತು, ಟೊಮ್ಯಾಟೊ ಇತ್ತು. 1974ರಲ್ಲಿ ರಸಾಯನ ತಜ್ಞರು ಈ ಆಹಾರವನ್ನು ಪರೀಕ್ಷಿಸಿದರು. ನೂರು ವರ್ಷ ಕಳೆದಿದ್ದರೂ ಅದರಲ್ಲಿ ಸೂಕ್ಷ್ಮಜೀವಿಗಳು ಬೆಳೆದಿರಲಿಲ್ಲ!

ಹಾಗಾದರೆ ಡಬ್ಬಿಯ ಹಣ್ಣನ್ನು ಮನೆಯ ಉಗ್ರಾಣದಲ್ಲಿ ಎಷ್ಟು ವರ್ಷ ಬೇಕಾದರೂ ಇಡಬಹುದೇ? ಅವಸರ ಬೇಡ. ಅದೇ ಪರೀಕ್ಷೆಯ ಇನ್ನೊಂದು ಅರ್ಧವನ್ನೂ ಕೇಳಬೇಕು. ಆ ಆಹಾರದ ತಾಜಾ ವಾಸನೆ, ನೋಟಗಳು ಹೋಗಿದ್ದವು. ‘ಎ’ ಮತ್ತು ‘ಸಿ’ ಜೀವಸತ್ವಗಳು ಬಹುಮಟ್ಟಿಗೆ ನಷ್ಟವಾಗಿದ್ದವು. ಕೆಡದೆ ಉಳಿಯುವುದು ಬೇರೆ, ಚೆನ್ನಾಗಿ ಉಳಿಯುವುದು ಬೇರೆ. ಡಬ್ಬಿಯು ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ, ಕಾಲವನ್ನು ತಡೆಯುವುದಿಲ್ಲ. ಈ ಒಂದು ಮಾತು ಅರ್ಥವಾದರೆ ಡಬ್ಬಿಗಳನ್ನು ಎಲ್ಲಿಡಬೇಕು, ಎಷ್ಟಿಡಬೇಕು, ಯಾವಾಗ ತೆಗೆಯಬೇಕು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ತಾನಾಗಿಯೇ ಸಿಗುತ್ತದೆ. ಅದು ಹೇಗೆಂದು ನೋಡೋಣ.

ಗಾಳಿಯೋ, ಜೀವಿಯೋ?

ಹಣ್ಣನ್ನು ಕಾಪಿಡುವುದು ನಮಗೆ ಹೊಸದೇನಲ್ಲ. ಮಾವಿನಕಾಯಿಯನ್ನು ಉಪ್ಪಿನಕಾಯಿ ಮಾಡುತ್ತೇವೆ. ಕರಾವಳಿ, ಮಲೆನಾಡುಗಳಲ್ಲಿ ಮಾವಿನ ರಸವನ್ನು ಬಿಸಿಲಿಗೆ ಹರಡಿ ಮಾಂಬಳ ಮಾಡುತ್ತಾರೆ, ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುತ್ತಾರೆ. ಇವೆಲ್ಲದರ ಹಿಂದಿರುವ ಉಪಾಯ ಒಂದೇ. ಸೂಕ್ಷ್ಮಜೀವಿಗಳಿಗೆ ಬೇಕಾದ ನೀರು ಅವುಗಳಿಗೆ ಸಿಗದಂತೆ ಮಾಡುವುದು. ಬಿಸಿಲು ನೀರನ್ನು ಆರಿಸುತ್ತದೆ. ಉಪ್ಪು, ಸಕ್ಕರೆಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಆದರೆ ಹೀಗೆ ಕಾಪಿಟ್ಟ ಹಣ್ಣು ಹಣ್ಣಾಗಿ ಉಳಿಯುವುದಿಲ್ಲ, ಬೇರೊಂದು ತಿನಿಸೇ ಆಗುತ್ತದೆ.

ಹಣ್ಣನ್ನು ಅದರ ರಸದೊಡನೆಯೇ ಉಳಿಸುವ ದಾರಿಯನ್ನು ಕಂಡುಹಿಡಿದವನು ನಿಕೊಲಾ ಅಪೆರ್ ಎಂಬ ಫ್ರೆಂಚ್ ಮಿಠಾಯಿಗಾರ. ಆಹಾರವನ್ನು ಗಾಜಿನ ಸೀಸೆಗೆ ತುಂಬಿ, ಬಿರಡೆ ಬಿಗಿದು, ಕುದಿಯುವ ನೀರಿನಲ್ಲಿ ಬಹಳ ಹೊತ್ತು ಇಡುವುದು ಅವನ ವಿಧಾನ. 1810ರಲ್ಲಿ ಅವನು ಈ ವಿಧಾನವನ್ನು ಪುಸ್ತಕವಾಗಿ ಪ್ರಕಟಿಸಿದ. ಫ್ರಾನ್ಸ್ ಸರ್ಕಾರ ಅವನಿಗೆ 12,000 ಫ್ರಾಂಕ್ ಬಹುಮಾನ ಕೊಟ್ಟಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡ್ಯುರಾಂಡ್ ಎಂಬಾತ ತಗಡಿನ ಡಬ್ಬಿಗೆ ಪೇಟೆಂಟ್ ಪಡೆದ. ಸ್ವಾರಸ್ಯವೆಂದರೆ ಡಬ್ಬಿ ತೆರೆಯುವ ಸಾಧನಕ್ಕೆ ಅಮೆರಿಕದಲ್ಲಿ ಪೇಟೆಂಟ್ ದೊರೆತದ್ದು 1858ರಲ್ಲಿ. ಅಲ್ಲಿಯವರೆಗೆ ಜನ ಉಳಿ, ಸುತ್ತಿಗೆಗಳಿಂದಲೇ ಡಬ್ಬಿ ಒಡೆಯುತ್ತಿದ್ದರು.

ಸೀಸೆಯೊಳಗಿನ ಆಹಾರ ಏಕೆ ಕೆಡುವುದಿಲ್ಲ ಎಂಬುದು ಅಪೆರ್‌ಗೆ ತಿಳಿದಿರಲಿಲ್ಲ. ಪ್ರಸಿದ್ಧ ರಸಾಯನ ವಿಜ್ಞಾನಿ ಗೇ-ಲುಸಾಕ್ ಆ ಸೀಸೆಗಳನ್ನು ಪರೀಕ್ಷಿಸಿ, ಒಳಗೆ ಆಮ್ಲಜನಕವಿಲ್ಲ, ಆದ್ದರಿಂದಲೇ ಆಹಾರ ಕೆಟ್ಟಿಲ್ಲ ಎಂದು ಹೇಳಿದ. 1860ರ ದಶಕದಲ್ಲಿ ಲೂಯಿ ಪಾಸ್ತರ್ ನಿಜವಾದ ಕಾರಣವನ್ನು ತೋರಿಸಿಕೊಟ್ಟ. ಆಹಾರವನ್ನು ಕೆಡಿಸುವುದು ಗಾಳಿಯಲ್ಲ, ಸೂಕ್ಷ್ಮಜೀವಿಗಳು. ಶಾಖ ಅವುಗಳನ್ನು ಕೊಲ್ಲುತ್ತದೆ, ಬಿಗಿಯಾದ ಮುಚ್ಚಳ ಹೊಸ ಜೀವಿಗಳನ್ನು ಒಳಗೆ ಬಿಡುವುದಿಲ್ಲ. ಹಣ್ಣಿನಲ್ಲಿರುವ ಕಿಣ್ವಗಳೂ ಅದೇ ಶಾಖದಿಂದ ನಿಷ್ಕ್ರಿಯವಾಗುತ್ತವೆ.

ಗೇ-ಲುಸಾಕನ ತಪ್ಪು ಸಣ್ಣದಲ್ಲ. ಆಮ್ಲಜನಕವಿಲ್ಲದ ಜಾಗವನ್ನೇ ಬಯಸುವ ಒಂದು ಬ್ಯಾಕ್ಟೀರಿಯಾ ಇದೆ. ಅದರ ಹೆಸರು ಕ್ಲಾಸ್ಟ್ರಿಡಿಯಂ ಬೊಟುಲಿನಮ್. 1895ರಲ್ಲಿ ಬೆಲ್ಜಿಯಂನ ಒಂದು ಊರಿನಲ್ಲಿ ಉಪ್ಪು ಹಾಕಿಟ್ಟ ಮಾಂಸವನ್ನು ತಿಂದ ವಾದ್ಯಗಾರರ ತಂಡ ಕಾಯಿಲೆ ಬಿದ್ದಿತು, ಮೂವರು ಸತ್ತರು. ಈ ಘಟನೆಯ ಕಾರಣವನ್ನು ಹುಡುಕುತ್ತ ಹೋದ ವಾನ್ ಎರ್ಮೆಂಗೆಮ್ ಎಂಬ ವಿಜ್ಞಾನಿ ಈ ಜೀವಿಯನ್ನು ಗುರುತಿಸಿದ. ಇದು ಮಣ್ಣಿನಲ್ಲಿ ಸಾಮಾನ್ಯವಾಗಿ ಇರುವ ಜೀವಿ. ಇದರ ಬೀಜಾಣುಗಳು ಕುದಿಯುವ ನೀರಿಗೂ ಜಗ್ಗುವುದಿಲ್ಲ. ಮುಚ್ಚಿದ ಪಾತ್ರೆಯಲ್ಲಿ ಅವು ಮೊಳೆತು ಬೆಳೆದರೆ ಉತ್ಪತ್ತಿಯಾಗುವ ನಂಜು, ನರಗಳ ಕೆಲಸವನ್ನು ನಿಲ್ಲಿಸಿಬಿಡುತ್ತದೆ.

ಹಣ್ಣಿನ ಹುಳಿಯೇ ಕಾವಲುಗಾರ

ಕುದಿಯುವ ನೀರಿಗೂ ಸಾಯದ ಬೀಜಾಣುಗಳಿದ್ದರೆ ಡಬ್ಬಿಯ ಹಣ್ಣು ಹೇಗೆ ಸುರಕ್ಷಿತ? ಇಲ್ಲಿ ನಮ್ಮ ನೆರವಿಗೆ ಬರುವುದು ಹಣ್ಣಿನ ಹುಳಿ. ಆಮ್ಲೀಯತೆಯನ್ನು ಪಿಎಚ್ ಎಂಬ ಮಾನದಿಂದ ಅಳೆಯುತ್ತಾರೆಂದು ನೀವು ಓದಿದ್ದೀರಿ. ಪಿಎಚ್ ಕಡಿಮೆಯಾದಷ್ಟೂ ಹುಳಿ ಹೆಚ್ಚು. ಒಂದು ಅಂಕಿ ಕಡಿಮೆಯಾದರೆ ಆಮ್ಲೀಯತೆ ಹತ್ತು ಪಟ್ಟು ಹೆಚ್ಚಾಗುತ್ತದೆ. ಬೊಟುಲಿನಮ್ ಬೀಜಾಣುಗಳು ಪಿಎಚ್ 4.6ಕ್ಕಿಂತ ಕಡಿಮೆಯಿದ್ದಲ್ಲಿ ಬೆಳೆಯಲಾರವು. ಅವು ಸಾಯುವುದಿಲ್ಲ, ನಿದ್ರಿಸುತ್ತಲೇ ಇರುತ್ತವೆ. ಮೊಳೆಯದಿದ್ದರೆ ನಂಜೂ ಇಲ್ಲ.

ಅನಾನಸ್, ಪೀಚ್, ಪ್ಲಮ್, ಚೆರ್ರಿ, ಕಿತ್ತಳೆ ಮುಂತಾದ ಹಣ್ಣುಗಳ ಪಿಎಚ್ ಸಾಮಾನ್ಯವಾಗಿ ಈ ಗೆರೆಯ ಕೆಳಗೇ ಇರುತ್ತದೆ. ಇಂಥ ಹಣ್ಣಿನ ಡಬ್ಬಿಗಳಿಗೆ ಸುಮಾರು 100 ಡಿಗ್ರಿ ಸೆಲ್ಸಿಯಸ್ ಶಾಖ ಸಾಕು. ಯೀಸ್ಟ್, ಬೂಷ್ಟು ಮತ್ತು ಆಮ್ಲದಲ್ಲೂ ಬದುಕುವ ಸಾಮಾನ್ಯ ಬ್ಯಾಕ್ಟೀರಿಯಾಗಳು ಅಷ್ಟಕ್ಕೇ ಸಾಯುತ್ತವೆ. ಹುಳಿಯಿಲ್ಲದ ಬಟಾಣಿ, ಹುರುಳಿಕಾಯಿ, ಮಾಂಸ ಮುಂತಾದವುಗಳ ಡಬ್ಬಿಗಳನ್ನಾದರೋ ಒತ್ತಡದ ಹಬೆಯಲ್ಲಿ 115ರಿಂದ 121 ಡಿಗ್ರಿಯವರೆಗೆ ಕಾಯಿಸಲೇಬೇಕು.

ಆದರೆ ಹಣ್ಣೆಂದ ಮಾತ್ರಕ್ಕೆ ಎಲ್ಲವೂ ಹುಳಿಯಲ್ಲ. ಪರಂಗಿ, ಅಂಜೂರ, ಕರಬೂಜಗಳ ಪಿಎಚ್ 4.6ಕ್ಕಿಂತ ಮೇಲಿರುತ್ತದೆ. ಬಾಳೆಹಣ್ಣು, ಚೆನ್ನಾಗಿ ಕಳಿತ ಮಾವು ಗೆರೆಯ ಆಚೀಚೆ ಓಡಾಡುತ್ತವೆ. ಆದ್ದರಿಂದ ಇಂಥವುಗಳನ್ನು ಡಬ್ಬಿಗೆ ತುಂಬುವಾಗ ಕಾರ್ಖಾನೆಯಲ್ಲಿ ಸಿಟ್ರಿಕ್ ಆಮ್ಲವನ್ನು ಅಳತೆ ಮಾಡಿ ಸೇರಿಸುತ್ತಾರೆ. ಡಬ್ಬಿಯ ಚೀಟಿಯ ಮೇಲೆ ಆ ಹೆಸರನ್ನು ಕಂಡು ‘ರಾಸಾಯನಿಕ ಬೆರೆಸಿದ್ದಾರೆ’ ಎಂದು ಹೆದರಬೇಡಿ. ಅದು ನಿಂಬೆಹಣ್ಣಿನಲ್ಲಿರುವ ಆಮ್ಲವೇ.

ಸಕ್ಕರೆ ಪಾಕ ಏತಕ್ಕೆ?

ಡಬ್ಬಿಯ ಹಣ್ಣು ಉಳಿಯುವುದು ಸಕ್ಕರೆ ಪಾಕದಿಂದ ಎಂದು ಬಹಳ ಮಂದಿ ನಂಬಿದ್ದಾರೆ. ಜ್ಯಾಮಿನ ವಿಷಯದಲ್ಲಿ ಈ ಮಾತು ನಿಜ. ಅದರ ತೂಕದ ಸುಮಾರು ಮೂರನೇ ಎರಡು ಭಾಗ ಸಕ್ಕರೆ ಮುಂತಾದ ಕರಗಿದ ಘನವಸ್ತುಗಳೇ. ಡಬ್ಬಿಯ ಪಾಕ ಅಷ್ಟು ಗಟ್ಟಿಯಲ್ಲ. ಅದು ಹಣ್ಣಿನ ಬಣ್ಣ, ಆಕಾರ, ರುಚಿಗಳನ್ನು ಕಾಯುತ್ತದೆಯೇ ಹೊರತು ಸೂಕ್ಷ್ಮಜೀವಿಗಳನ್ನು ತಡೆಯುವುದಿಲ್ಲ. ಹಣ್ಣನ್ನು ಅದರ ರಸದಲ್ಲೇ ಅಥವಾ ಬರೀ ನೀರಿನಲ್ಲೇ ತುಂಬಿ ಕಾಯಿಸಿದರೂ ಅದು ಸುರಕ್ಷಿತವೇ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ರಸದಲ್ಲಿ ತುಂಬಿದ ಡಬ್ಬಿಯನ್ನು ಕೇಳಿ ಕೊಳ್ಳಬಹುದು. ಆ ರಸದಲ್ಲೂ ಹಣ್ಣಿನದೇ ಸಕ್ಕರೆ ಇರುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ಹಣ್ಣಿನ ‘ಸಿ’ ಜೀವಸತ್ವ ನೀರಿನಲ್ಲಿ ಕರಗುವಂಥದು. ಅದರ ಒಂದು ಪಾಲು ಪಾಕಕ್ಕೆ ಇಳಿದಿರುತ್ತದೆ. ಹಣ್ಣನ್ನು ತಿಂದು ಪಾಕವನ್ನು ಚೆಲ್ಲಿದರೆ ಅದೂ ಹೋದಂತೆಯೇ.

ಮುಚ್ಚಿದ ಡಬ್ಬಿಯೊಳಗೆ

ಸೂಕ್ಷ್ಮಜೀವಿಗಳು ಸತ್ತವು, ಕಿಣ್ವಗಳು ನಿಂತವು. ಇನ್ನು ಡಬ್ಬಿಯೊಳಗೆ ಏನೂ ನಡೆಯುವುದಿಲ್ಲವೇ? ನಡೆಯುತ್ತದೆ. ರಸಾಯನ ಕ್ರಿಯೆಗಳಿಗೆ ಜೀವಿಗಳ ಅಪ್ಪಣೆ ಬೇಕಿಲ್ಲ.

ಡಬ್ಬಿ ಎಂದರೆ ಉಕ್ಕಿನ ತಗಡು. ಅದರ ಮೇಲೆ ತವರದ ತೆಳುವಾದ ಲೇಪ. ಹಣ್ಣಿನ ಆಮ್ಲ ಈ ತವರವನ್ನು ಬಹಳ ನಿಧಾನವಾಗಿ ಕರಗಿಸುತ್ತದೆ. ತಾನು ಕರಗುತ್ತ ತವರವು ಕೆಳಗಿನ ಕಬ್ಬಿಣವನ್ನು ಕಾಪಾಡುತ್ತದೆ. ಅನಾನಸ್, ಪೀಚ್‌ನಂಥ ತಿಳಿಬಣ್ಣದ ಹಣ್ಣುಗಳು ಕಂದಾಗದೆ ಉಳಿಯಲು ಅದೇ ಕಾರಣ. ಚೆರ್ರಿಯಂಥ ಕೆಂಪು ಹಣ್ಣುಗಳ ಬಣ್ಣವನ್ನು ತವರ ಕೆಡಿಸುವುದರಿಂದ ಅವುಗಳ ಡಬ್ಬಿಯ ಒಳಮೈಗೆ ಅರಗಿನಂಥ ಲೇಪ ಕೊಟ್ಟಿರುತ್ತಾರೆ. ಮುಂದೆ ಡಬ್ಬಿ ತೆರೆದಾಗ ಒಳಗಿನ ಬಣ್ಣ ಬೆಳ್ಳಿಯೋ ಹೊಂಬಣ್ಣವೋ ಎಂದು ಗಮನಿಸಿ.

ವರ್ಷಗಳು ಕಳೆದಂತೆ ತವರ ಸವೆಯುತ್ತದೆ. ಸಕ್ಕರೆ ಮತ್ತು ಅಮೈನೊ ಆಮ್ಲಗಳು ನಿಧಾನವಾಗಿ ಕೂಡಿ ಹಣ್ಣನ್ನು ಕಂದಾಗಿಸುತ್ತವೆ. ಹಣ್ಣಿನ ಹೋಳನ್ನು ಬಿಗಿಯಾಗಿ ಹಿಡಿದ ಪೆಕ್ಟಿನ್ ಒಡೆದು ಹೋಳು ಮೆತ್ತಗಾಗುತ್ತದೆ. ‘ಸಿ’ ಜೀವಸತ್ವ ಇಳಿಯುತ್ತದೆ. ಇವೆಲ್ಲದರ ವೇಗವನ್ನು ನಿರ್ಧರಿಸುವುದು ಉಷ್ಣತೆ. ಉಷ್ಣತೆ 10 ಡಿಗ್ರಿ ಏರಿದರೆ ರಸಾಯನ ಕ್ರಿಯೆಯ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬ ಸ್ಥೂಲ ನಿಯಮ ನಿಮಗೆ ಗೊತ್ತು. 30 ಡಿಗ್ರಿಯಲ್ಲಿ ಎರಡು ತಿಂಗಳಲ್ಲಿ ಆಗುವ ಬದಲಾವಣೆ 40 ಡಿಗ್ರಿಯಲ್ಲಿ ಒಂದೇ ತಿಂಗಳಲ್ಲಿ ಆಗಬಹುದು. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ಹೆಂಚಿನಡಿಯ ಅಟ್ಟದ ಮೇಲಿಟ್ಟ ಡಬ್ಬಿಗೂ, ನೆಲಮಟ್ಟದ ತಂಪು ಕೋಣೆಯಲ್ಲಿಟ್ಟ ಡಬ್ಬಿಗೂ ಒಂದೇ ತಾರೀಖು ಅಚ್ಚಾಗಿದ್ದರೂ ಅವುಗಳ ವಯಸ್ಸು ಒಂದೇ ಅಲ್ಲ!

ಉಬ್ಬಿದ ಡಬ್ಬಿ

ನಮ್ಮ ಮನೆಯಲ್ಲೂ ಒಂದು ಅನಾನಸ್ ಡಬ್ಬಿ ಇತ್ತು. ಬಂಧುಗಳೊಬ್ಬರು ಪ್ರೀತಿಯಿಂದ ತಂದುಕೊಟ್ಟದ್ದು. ಅಮ್ಮ ಅದನ್ನು ಫ್ರಿಜ್ಜಿನ ಮೇಲೆ ಇಟ್ಟಿದ್ದರು. ತೆಗೆಯೋಣವೆಂದಾಗಲೆಲ್ಲ, “ಯಾರಾದರೂ ಬಂದಾಗ ತೆಗೆದರಾಯಿತು ಬಿಡು” ಎನ್ನುತ್ತಿದ್ದರು. ಬಂದವರಿಗೆಲ್ಲ ಕಾಫಿ, ಉಪ್ಪಿಟ್ಟು ಆಯಿತೇ ವಿನಾ ಡಬ್ಬಿ ತೆರೆಯಲಿಲ್ಲ. ಮೂರು ವರ್ಷ ಕಳೆದವು. ಫ್ರಿಜ್ಜಿನ ಮೇಲ್ಭಾಗ ಸದಾ ಬೆಚ್ಚಗಿರುವ ಜಾಗವೆಂಬುದು ನನಗಾದರೂ ಹೊಳೆಯಬೇಕಿತ್ತು. ಒಂದು ದಿನ ನೋಡಿದರೆ ಡಬ್ಬಿಯ ಎರಡು ತುದಿಗಳೂ ಉಬ್ಬಿದ್ದವು.

“ಸೀಲು ಒಡೆದಿಲ್ಲವಲ್ಲ, ಒಂದು ಚೂರು ಬಾಯಿಗೆ ಹಾಕಿ ನೋಡಿದರೆ ಗೊತ್ತಾಗುತ್ತೆ” ಎಂದರು ಅಮ್ಮ.

“ಬೇಡಮ್ಮ, ಇದು ನಾಲಿಗೆಯಿಂದ ಪರೀಕ್ಷೆ ಮಾಡುವಂಥದ್ದಲ್ಲ” ಎಂದು ಅದನ್ನು ಅವರ ಕೈಯಿಂದ ತೆಗೆದುಕೊಂಡೆ.

ಬಹುಶಃ ಅಲ್ಲಿ ನಡೆದದ್ದು ಇಷ್ಟೇ ಇರಬಹುದು. ತವರ ಸವೆದು, ಹಣ್ಣಿನ ಆಮ್ಲ ಕಬ್ಬಿಣವನ್ನು ಮುಟ್ಟಿತು. ಆಮ್ಲ ಮತ್ತು ಲೋಹ ಸೇರಿದರೆ ಜಲಜನಕ ಬಿಡುಗಡೆಯಾಗುತ್ತದೆ ಎಂಬುದು ಹೈಸ್ಕೂಲು ಪ್ರಯೋಗಶಾಲೆಯ ಪಾಠ. ಆ ಅನಿಲವೇ ಡಬ್ಬಿಯನ್ನು ಉಬ್ಬಿಸುತ್ತದೆ. ಆದರೆ ಕಣ್ಣಿಗೆ ಕಾಣದ ಸೀಳಿನಿಂದ ಒಳಹೊಕ್ಕ ಸೂಕ್ಷ್ಮಜೀವಿಗಳು ಅನಿಲ ಉತ್ಪಾದಿಸಿದರೂ ಡಬ್ಬಿ ಉಬ್ಬುವುದು ಹೀಗೆಯೇ. ಹೊರಗಿನಿಂದ ನೋಡಿ ಇದು ಯಾವುದೆಂದು ಹೇಳಲು ಯಾರಿಗೂ ಸಾಧ್ಯವಿಲ್ಲ. ಬೊಟುಲಿನಮ್ ನಂಜು ಇದ್ದರೂ ಆಹಾರದ ವಾಸನೆ, ರುಚಿಗಳು ಕೆಡಬೇಕೆಂದೇನೂ ಇಲ್ಲ. ಹಾಗಾಗಿ ನಿಯಮ ಒಂದೇ: ಉಬ್ಬಿದ ಡಬ್ಬಿ, ಸೋರುವ ಡಬ್ಬಿ, ತೆರೆದಾಗ ಚಿಮ್ಮುವ ಡಬ್ಬಿಗಳನ್ನು ರುಚಿ ನೋಡದೆ ಎಸೆಯಬೇಕು. ನಾಯಿ, ದನಗಳ ಬಾಯಿಗೂ ಸಿಗದಂತೆ ಕಟ್ಟಿ ಎಸೆಯಬೇಕು. ಇಂಥ ಆಹಾರವನ್ನು ತಿಂದವರಿಗೆ ಕಣ್ಣು ಎರಡೆರಡಾಗಿ ಕಾಣುವುದು, ರೆಪ್ಪೆ ಜೋಲುವುದು, ನುಂಗಲು ಕಷ್ಟವಾಗುವುದು ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಮೈಮೇಲೆ ಸಣ್ಣ ತಗ್ಗು ಬಿದ್ದ ಡಬ್ಬಿಗೆ ಅಷ್ಟು ಭಯವಿಲ್ಲ. ತಗ್ಗು ಅಂಚಿನ ಹೊಲಿಗೆಯ ಮೇಲಿದ್ದರೆ, ಅಥವಾ ಒರೆಸಿದರೂ ಹೋಗದ ಆಳವಾದ ತುಕ್ಕಿದ್ದರೆ ಅಂಥದನ್ನು ಕೊಳ್ಳಬೇಡಿ.

ಉಗ್ರಾಣದ ಲೆಕ್ಕ

ಮನೆಯಲ್ಲಿ ಡಬ್ಬಿಯ ಹಣ್ಣನ್ನು ಕೂಡಿಡುವ ಅಭ್ಯಾಸ ಅಮೆರಿಕದಲ್ಲಿ ಬಹಳ ಬಲವಾಗಿದೆ. ಚಳಿಗಾಲ ದೀರ್ಘವಾಗಿರುವ ಅಲ್ಲಿನ ಪ್ರದೇಶಗಳಲ್ಲಿ ಬೇಸಿಗೆಯ ಹಣ್ಣನ್ನು ಸೀಸೆಗೆ ತುಂಬಿ ನೆಲಮಾಳಿಗೆಯಲ್ಲಿ ಜೋಡಿಸಿಡುವುದು ಹಳೆಯ ರೂಢಿ. ಯೂಟಾ ರಾಜ್ಯದಲ್ಲಿ ದೊಡ್ಡ ಸಂಖ್ಯೆಯಲ್ಲಿರುವ ಮಾರ್ಮನ್ ಪಂಥದವರಿಗೆ, ಕಷ್ಟಕಾಲಕ್ಕೆಂದು ಮನೆಯಲ್ಲಿ ಆಹಾರ ಸಂಗ್ರಹಿಸಿಡಬೇಕೆಂದು ಅವರ ಚರ್ಚೇ ಸಲಹೆ ಕೊಡುತ್ತದೆ. ಆ ಸಲಹೆಯಲ್ಲಿ ಒಂದು ವಿವೇಕವಿದೆ. ಮೊದಲು ದಿನನಿತ್ಯ ತಿನ್ನುವ ಆಹಾರವನ್ನೇ ಮೂರು ತಿಂಗಳಿಗೆ ಸಾಲುವಷ್ಟು ಕೂಡಿಸಿ, ಬಳಸುತ್ತ ತುಂಬುತ್ತ ಇರಬೇಕು. ಬಹುಕಾಲ ಇಡುವುದಕ್ಕೆ ಗೋಧಿ, ಅಕ್ಕಿ, ಕಾಳುಗಳಂಥ ಒಣ ಪದಾರ್ಥಗಳು. ರಸಭರಿತ ಹಣ್ಣು ಈ ಎರಡನೆಯ ಗುಂಪಿಗೆ ಸೇರಿದ್ದಲ್ಲ.

ಕಾರ್ಖಾನೆಯಲ್ಲಿ ತುಂಬಿದ ಹುಳಿ ಹಣ್ಣಿನ ಡಬ್ಬಿ ತಂಪಾದ ಜಾಗದಲ್ಲಿ 12ರಿಂದ 18 ತಿಂಗಳು ಒಳ್ಳೆಯ ಗುಣದಲ್ಲಿರುತ್ತದೆ. ಮನೆಯಲ್ಲಿ ತುಂಬಿದ್ದನ್ನು ಒಂದು ವರ್ಷದೊಳಗೆ ಮುಗಿಸಬೇಕು. ಇದನ್ನು ಇಟ್ಟುಕೊಂಡು ಒಂದು ಲೆಕ್ಕ ಮಾಡೋಣ. ನಿಮ್ಮ ಮನೆಯಲ್ಲಿ ತಿಂಗಳಿಗೆ 2 ಡಬ್ಬಿ ಖರ್ಚಾಗುತ್ತದೆ. ಅಂಗಡಿಯಿಂದ ತರುವ ಹೊತ್ತಿಗೇ ಡಬ್ಬಿಗೆ 4 ತಿಂಗಳಾಗಿದೆ. 18ರಲ್ಲಿ 4 ಕಳೆದರೆ 14. ಎಚ್ಚರಿಕೆಗಾಗಿ ಇನ್ನೆರಡು ತಿಂಗಳು ಬಿಟ್ಟರೆ ಉಳಿಯುವುದು 12 ತಿಂಗಳು. ಅಂದರೆ ಹೆಚ್ಚೆಂದರೆ 24 ಡಬ್ಬಿ. ರಿಯಾಯಿತಿ ಸಿಕ್ಕಿತೆಂದು 60 ಡಬ್ಬಿ ತಂದರೆ ಕೊನೆಯದನ್ನು ತೆರೆಯುವುದು 30ನೆಯ ತಿಂಗಳಲ್ಲಿ! ಉಳಿತಾಯವೆಂದು ಕೊಂಡದ್ದೇ ನಷ್ಟವಾಗುತ್ತದೆ.

ಡಬ್ಬಿಗಳನ್ನು ಜೋಡಿಸುವಾಗ ಹೀಗೆ ಮಾಡಿ:

1. ಒಲೆ, ಫ್ರಿಜ್ಜಿನ ಮೇಲ್ಭಾಗ, ಬಿಸಿಲು ಬೀಳುವ ಕಿಟಕಿ, ಅಟ್ಟ ಇವು ಬೇಡ. ತಂಪಾದ, ಕತ್ತಲೆಯ, ಒಣಗಿದ ಕೆಳಗಿನ ಗೂಡು ಒಳ್ಳೆಯದು.

2. ತೇವದ ನೆಲ ಅಥವಾ ಗೋಡೆಗೆ ತಾಗಿಸಿ ಇಡಬೇಡಿ. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಡಬ್ಬಿಯ ಹೊರಮೈ ಬೇಗ ತುಕ್ಕು ಹಿಡಿಯುತ್ತದೆ.

3. ತಂದ ದಿನವೇ ತಿಂಗಳು, ವರ್ಷವನ್ನು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ. ಹೊಸದನ್ನು ಹಿಂದಿಟ್ಟು ಹಳೆಯದನ್ನು ಮುಂದಕ್ಕೆ ಎಳೆಯಿರಿ. ಮೊದಲು ಬಂದದ್ದು ಮೊದಲು ಹೊರಗೆ ಹೋಗಬೇಕು.

4. ಕೊಳ್ಳುವಾಗ ತಯಾರಿಕೆಯ ದಿನಾಂಕ, ಬಳಕೆಯ ಅವಧಿ, ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಪರವಾನಗಿ ಸಂಖ್ಯೆಗಳನ್ನು ನೋಡಿ. ಒಟ್ಟು ತೂಕದ ಜೊತೆಗೆ ಪಾಕ ಬಸಿದ ಮೇಲಿನ ಹಣ್ಣಿನ ತೂಕವನ್ನೂ ನೋಡಿ. ಡಬ್ಬಿಯ ತೂಕದಲ್ಲಿ ದೊಡ್ಡ ಪಾಲು ಪಾಕದ್ದೇ ಆಗಿರಬಹುದು.

5. ತೆರೆದ ಮೇಲೆ ಉಳಿದ ಹಣ್ಣನ್ನು ಡಬ್ಬಿಯಲ್ಲೇ ಬಿಡಬೇಡಿ. ಗಾಳಿ ತಗುಲಿದರೆ ತವರ ಬೇಗ ಕರಗುತ್ತದೆ. ಗಾಜಿನ ಅಥವಾ ಸ್ಟೀಲಿನ ಪಾತ್ರೆಗೆ ಸುರಿದು, ಮುಚ್ಚಿ, ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನಗಳಲ್ಲಿ ಮುಗಿಸಿ.

ಮನೆಯಲ್ಲೇ ತುಂಬಬಹುದೇ?

ತುಂಬಬಹುದು. ಆದರೆ ಅಂದಾಜಿನ ಮೇಲೆ ಅಲ್ಲ. ಹಣ್ಣು, ಸೀಸೆಯ ಗಾತ್ರ, ಕುದಿಸುವ ಹೊತ್ತು ಈ ಮೂರನ್ನೂ ಪರೀಕ್ಷಿಸಿ ನಿಗದಿಪಡಿಸಿದ ವಿಧಾನವನ್ನೇ ಅನುಸರಿಸಬೇಕು. ‘ಕುಕ್ಕರಿನಲ್ಲಿ ನಾಲ್ಕು ಸೀಟಿ ಕೂಗಿಸಿದರೆ ಸಾಕು’ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸೀಸೆಯ ನಟ್ಟನಡುವಿನ ಹಣ್ಣಿಗೆ ಎಷ್ಟು ಶಾಖ ಮುಟ್ಟಿತು ಎಂಬುದು ಸೀಟಿಯಿಂದ ತಿಳಿಯುವುದಿಲ್ಲ. ಇನ್ನೊಂದು ಸಂಗತಿಯೂ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಮಂಗಳೂರಿನವರು ಕುದಿಸುವುದಕ್ಕಿಂತ ಹೆಚ್ಚು ಹೊತ್ತು ಬೆಂಗಳೂರಿನವರು ಕುದಿಸಬೇಕು. ಉಪ್ಪಿನಕಾಯಿ ಸೀಸೆಯ ಹಳೆಯ ಮುಚ್ಚಳವನ್ನು ಮತ್ತೆ ಬಳಸಬಾರದು, ಅದು ಬಿಗಿಯಾಗಿ ಕೂರುವ ಖಾತರಿಯಿಲ್ಲ. ಪರಂಗಿಯಂಥ ಸಪ್ಪೆ ಹಣ್ಣನ್ನು ಹೊಸಬರು ತುಂಬಲು ಹೋಗದಿರುವುದೇ ಲೇಸು.

ಕಲಿಯುವ ಆಸೆಯಿದ್ದವರಿಗೆ ಹತ್ತಿರದಲ್ಲೇ ದಾರಿಯಿದೆ. ಮೈಸೂರಿನ ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ ಹಣ್ಣು ತರಕಾರಿಗಳ ಸಂರಕ್ಷಣೆಯ ಬಗ್ಗೆ ದಶಕಗಳಿಂದ ಸಂಶೋಧನೆ ನಡೆಸಿದೆ. ವಿಜ್ಞಾನ ಓದುವವರಿಗೆ ಇದೊಂದು ಒಳ್ಳೆಯ ವೃತ್ತಿಕ್ಷೇತ್ರವೂ ಹೌದು.

ಮಾಡಿ ನೋಡಿ

ನಿಂಬೆ, ಅನಾನಸ್, ಮಾವು, ಬಾಳೆ, ಪರಂಗಿ ಹಣ್ಣುಗಳ ರಸವನ್ನು ಬೇರೆ ಬೇರೆ ಲೋಟಗಳಲ್ಲಿ ತೆಗೆದುಕೊಂಡು ಶಾಲೆಯ ಪ್ರಯೋಗಶಾಲೆಯ ಪಿಎಚ್ ಕಾಗದದಿಂದ ಪರೀಕ್ಷಿಸಿ. ಹುಳಿಯ ಕ್ರಮದಲ್ಲಿ ಜೋಡಿಸಿ, 4.6ರ ಗೆರೆ ಎಲ್ಲಿ ಬೀಳುತ್ತದೆಂದು ಗುರುತಿಸಿ. ಮಾವಿನ ಎರಡು ತಳಿಗಳನ್ನು ಹೋಲಿಸಿ ನೋಡಿ. ಕಾಗದ ತೋರಿಸುವುದು ಅಂದಾಜು ಮಾತ್ರ. ಅದನ್ನು ನಂಬಿ ಸೀಸೆಗೆ ಹಣ್ಣು ತುಂಬಲು ಹೊರಡಬೇಡಿ.

ಎರಡನೆಯ ಕೆಲಸ ಇನ್ನೂ ಸುಲಭ. ಇಂದೇ ನಿಮ್ಮ ಮನೆಯ ಗೂಡಿನಲ್ಲಿರುವ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ, ತಾರೀಖು ನೋಡಿ ಸಾಲಾಗಿ ನಿಲ್ಲಿಸಿ. ಅವಧಿ ಮುಗಿಯುತ್ತ ಬಂದ ಡಬ್ಬಿ ಮೊದಲು ನಿಲ್ಲಲಿ. ಅದನ್ನು ತೆರೆಯಲು ಅತಿಥಿಗಳು ಬರಬೇಕೆಂದಿಲ್ಲ. ನಮ್ಮ ಮನೆಯಲ್ಲಿ ಈಗ ಅಮ್ಮನೇ ತಾರೀಖು ಓದಿ, “ಈ ಭಾನುವಾರ ಇದನ್ನು ತೆಗೆದುಬಿಡೋಣ” ಎನ್ನುತ್ತಾರೆ.